ಕಾಡು ಲೂಪಿನ್ ಬೆಳೆಸುವುದು ಹೇಗೆ? ಮೊದಲು ಗೊಬ್ಬರದ ಚೀಲವನ್ನು ಬದಿಗಿಡಿ

ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ, ಮಹಾಸರೋವರಗಳ ಸುತ್ತಲಿನ ಮರಳು ನೆಲದಲ್ಲಿ, ಮೇ ಬಂತೆಂದರೆ ನೀಲಿ–ನೇರಳೆ ತೆನೆ ಹೊತ್ತ ಒಂದು ಕಾಡುಗಿಡ ಅರಳುತ್ತದೆ. ಅದೇ ಕಾಡು ಲೂಪಿನ್, ಸಸ್ಯಶಾಸ್ತ್ರದಲ್ಲಿ ಲೂಪಿನಸ್ ಪೆರೆನ್ನಿಸ್. ಕಾರ್ನರ್ ಬ್ಲೂ ಎಂಬ ಪುಟ್ಟ ನೀಲಿ ಚಿಟ್ಟೆಯ ಮರಿಹುಳು ತಿನ್ನುವುದು ಈ ಗಿಡದ ಎಲೆಯನ್ನು ಮಾತ್ರ. ಬಯಲುಗಳು ಬಡಾವಣೆಗಳಾಗಿ, ಕಾಳ್ಗಿಚ್ಚು ಬೀಳದೆ ಮರಗಳ ನೆರಳು ದಟ್ಟವಾಗಿ ಲೂಪಿನ್ ಕಡಿಮೆಯಾಯಿತು, ಚಿಟ್ಟೆಯೂ ಕರಗಿತು. 1992ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ನ್ಯೂಯಾರ್ಕ್, ಮಿಷಿಗನ್, ವಿಸ್ಕಾನ್ಸಿನ್ ಕಡೆ ನೆಲೆಸಿ ಹಿತ್ತಲಲ್ಲಿ ಒಂದಿಷ್ಟು ಬಿಸಿಲು ಜಾಗ ಇರುವ ಕನ್ನಡಿಗರು ಈ ಗಿಡವನ್ನು ಬೆಳೆಸಲೇಬೇಕು ಎಂಬುದು ನನ್ನ ಆಸೆ. ಕರ್ನಾಟಕದ ಹವೆ ಇದಕ್ಕೆ ಒಗ್ಗುವುದಿಲ್ಲ; ಕೊರೆಯುವ ಚಳಿಗಾಲ ಬೇಕು.

ಬೀಜ ಕೊಳ್ಳುವಾಗ ಎಚ್ಚರ. ನರ್ಸರಿಗಳಲ್ಲಿ ಬರೀ ‘ಲೂಪಿನ್’ ಎಂದು ಮಾರುವುದು ಬಹುಪಾಲು ಬಣ್ಣಬಣ್ಣದ ರಸೆಲ್ ತಳಿ. ಅದರ ಮೂಲ, ಉತ್ತರ ಅಮೆರಿಕದ ಪಶ್ಚಿಮ ಭಾಗದ ಲೂಪಿನಸ್ ಪಾಲಿಫಿಲಸ್ ಎಂಬ ಬೇರೆಯೇ ಜಾತಿ. ನೋಡಲು ಭರ್ಜರಿ, ಆದರೆ ಕಾರ್ನರ್ ಬ್ಲೂಗೆ ಅದು ಆಸರೆಯಲ್ಲ. ಮೇಲಾಗಿ ಕಾಡು ಲೂಪಿನ್ ಜೊತೆ ಬೆರೆತು ಅದರ ತಳಿಯನ್ನೇ ಕೆಡಿಸುತ್ತದೆ. ಪೊಟ್ಟಣದ ಮೇಲೆ ‘ಪೆರೆನ್ನಿಸ್’ ಎಂದಿದ್ದರೆ ಮಾತ್ರ ಕೊಳ್ಳಿ. ಕಾಡಿನಿಂದ ಗಿಡ ಕಿತ್ತು ತರುವುದಂತೂ ಬೇಡವೇ ಬೇಡ. ಬೇರು ಆಳಕ್ಕಿಳಿದಿರುವುದರಿಂದ ಕಿತ್ತ ಗಿಡ ಬದುಕುವುದೂ ಕಷ್ಟ.

ಜಾಗ. ಬಿಸಿಲು, ನೀರು ನಿಲ್ಲದ ಮರಳು ಮಣ್ಣು, ತುಸು ಹುಳಿ ಗುಣ. ಜೇಡಿಮಣ್ಣಿನಲ್ಲಿ ಬೇರು ಕೊಳೆಯುತ್ತದೆ.

ಬೀಜೋಪಚಾರ. ಬೀಜದ ಸಿಪ್ಪೆ ಬಹಳ ಗಟ್ಟಿ. ಅಕ್ಟೋಬರ್–ನವೆಂಬರ್‌ನಲ್ಲಿ ನೇರವಾಗಿ ಬಿತ್ತಿದರೆ ಚಳಿಗಾಲದ ಹಿಮವೇ ಸಿಪ್ಪೆಯನ್ನು ಸಡಿಲಿಸುತ್ತದೆ. ನನ್ನ ಮಟ್ಟಿಗೆ ಇದೇ ಒಳ್ಳೆಯ ದಾರಿ. ವಸಂತದಲ್ಲಿ ಬಿತ್ತುವವರು ಬೀಜವನ್ನು ಉಪ್ಪುಕಾಗದದಿಂದ ಹಗುರಾಗಿ ಉಜ್ಜಿ, ರಾತ್ರಿಯಿಡೀ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಬೇಕು. ತೊಗರಿ, ಅವರೆಯಂತೆ ಇದೂ ದ್ವಿದಳ ಸಸ್ಯ. ಬೇರಿನ ಗಂಟುಗಳಲ್ಲಿ ಅಣುಜೀವಿಗಳನ್ನು ಇಟ್ಟುಕೊಂಡು ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ನಮ್ಮ ರೈತರು ತೊಗರಿ ಬೀಜಕ್ಕೆ ಬೆಲ್ಲದ ನೀರಿನಲ್ಲಿ ರೈಜೋಬಿಯಂ ಎಂಬ ಇಂಥ ಅಣುಜೀವಿಯ ಪುಡಿ ಲೇಪಿಸಿ ನೆರಳಲ್ಲಿ ಆರಿಸುತ್ತಾರಲ್ಲ, ಇಲ್ಲಿಯೂ ಹಾಗೆಯೇ ಮಾಡಬಹುದು. ಆದರೆ ಲೂಪಿನ್‌ಗೆಂದೇ ಮಾರುವ ಅಣುಜೀವಿ ಪುಡಿಯೇ ಆಗಬೇಕು. ಈ ಗಂಟುಗಳ ದೆಸೆಯಿಂದಲೇ ಗಿಡಕ್ಕೆ ಸಾರಜನಕ ಗೊಬ್ಬರ ಬೇಡ. ಹಾಕಿದರೆ ಲಾಭವಾಗುವುದು ಸುತ್ತಲಿನ ಹುಲ್ಲಿಗೆ, ಅದು ಲೂಪಿನ್ ಸಸಿಯನ್ನು ಮುಚ್ಚಿಬಿಡುತ್ತದೆ.

ಬಿತ್ತನೆ. ಹುಲ್ಲು ಕೆತ್ತಿ ತೆಗೆದು, ಅಡಿಗೊಂದರಂತೆ, ಅರ್ಧ ಅಂಗುಲಕ್ಕಿಂತ ಆಳಕ್ಕೆ ಹೋಗದಂತೆ ಬೀಜ ಊರಿ. ಮೊಳೆತ ಮೊದಲ ವಾರಗಳಲ್ಲಿ ಮಣ್ಣು ಒಣಗಬಾರದು. ಮೊಲ, ಜಿಂಕೆಗಳ ಕಾಟವಿದ್ದರೆ ತಂತಿಬಲೆ ಹಾಕಿ.

ಮೊದಲ ವರ್ಷ ಹೂವನ್ನು ನಿರೀಕ್ಷಿಸಬೇಡಿ. ಗಿಡ ಆಗ ಬೇರನ್ನು ಇಳಿಸುತ್ತಿರುತ್ತದೆ. ಎರಡನೆಯ ಅಥವಾ ಮೂರನೆಯ ವರ್ಷ ಒಂದೆರಡು ಅಡಿ ಎತ್ತರ ಬಂದು ಅರಳುತ್ತದೆ. ಕಾಯಿ ಬಲಿತ ಮೇಲೆ, ನಡುಬೇಸಿಗೆಯಲ್ಲಿ ಎಲೆಗಳು ಹಳದಿಯಾಗಿ ಗಿಡ ಒಣಗುತ್ತದೆ. ಸತ್ತಿತೆಂದು ಕಿತ್ತೆಸೆಯಬೇಡಿ, ಬೇರು ಜೀವಂತವಾಗಿರುತ್ತದೆ. ಕೀಟನಾಶಕವನ್ನು ಹತ್ತಿರವೂ ತರಬೇಡಿ. ಎಲೆಯ ಮೇಲಿನ ಹಸಿರು ಹುಳು ಯಾವ ಚಿಟ್ಟೆಯ ಮರಿಯೋ ಯಾರು ಬಲ್ಲರು?

ಕಾಯಿಗಳು ಕಪ್ಪಾಗಿ ಒಣಗಿದಾಗ ತಟ್ಟನೆ ಸಿಡಿದು ಬೀಜವನ್ನು ದೂರಕ್ಕೆ ಚಿಮ್ಮಿಸುತ್ತವೆ. ಬೀಜ ಬೇಕಿದ್ದರೆ ಸಿಡಿಯುವ ಮುನ್ನವೇ ಕೊಯ್ದು ಕಾಗದದ ಚೀಲದಲ್ಲಿ ಹಾಕಿ ಬಾಯಿ ಮಡಚಿಡಿ. ಆ ಚೀಲದ ಮೇಲೆ ಹೆಸರು ಬರೆದು, ಅಡುಗೆಮನೆಯಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ನೋಡಲು ಬಟಾಣಿ ಜಾತಿಯ ಕಾಯಿಯಂತೆಯೇ ಇದ್ದರೂ ಈ ಬೀಜ ವಿಷಕಾರಿ.