ಗುಜರಿ ಬೆಲೆಯ ಹಳೇ ಸ್ಪೀಕರ್ ಜೋಡಿ: ಏನು ಬದಲಿಸಿದೆ, ಏನನ್ನು ಮುಟ್ಟಲಿಲ್ಲ

ಹಳೇ ಸ್ಪೀಕರ್ ಮಾರುವವರು ಮುಂದಿನ ಬಟ್ಟೆಯ ಚೌಕಟ್ಟು ತೆಗೆಯೋಕೆ ಸುಲಭಕ್ಕೆ ಬಿಡಲ್ಲ. 'ಕ್ಲಿಪ್ ಮುರಿಯುತ್ತೆ ಸಾರ್' ಅಂತಾರೆ. ತೆಗೆಸಿ ನೋಡದೆ ದುಡ್ಡು ಕೊಡಬೇಡಿ. ನನ್ನ ಜೋಡಿ ಸಿಕ್ಕಿದ್ದು ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ನಲ್ಲಿ, ಹಳೇ ಮಿಕ್ಸಿ ಜಾರುಗಳ ರಾಶಿಯ ಪಕ್ಕ. ಕಂಪನಿಯ ಬಿಲ್ಲೆ ಕಿತ್ತುಹೋಗಿತ್ತು. ಹಿಂಬದಿಯಲ್ಲಿ 8 ಓಮ್ ಅಂತ ಇತ್ತು, ಅಮೆರಿಕದಲ್ಲಿ ತಯಾರಾದದ್ದು ಅಂತ ಇತ್ತು, ಅಷ್ಟೇ. ಬಟ್ಟೆ ತೆಗೆದರೆ ತಗ್ಗಿನ ಸ್ವರಗಳಿಗೆ 8 ಇಂಚಿನ ವೂಫರ್, ಅದರ ಮೇಲೆ ಏರು ಸ್ವರಗಳಿಗೆ ಪುಟ್ಟ ಟ್ವೀಟರ್. ವೂಫರ್ ಸುತ್ತಲಿನ ಫೋಮ್ ಅಂಚು ಅರ್ಧಕ್ಕರ್ಧ ಉದುರಿತ್ತು.

ನನಗೆ ಒಳಗೊಳಗೇ ಖುಷಿ. ಬೆಲೆ ಇಳಿಸೋಕೆ ಇದಕ್ಕಿಂತ ಒಳ್ಳೆ ಕಾರಣ ಸಿಗಲ್ಲ, ಸರಿಮಾಡೋಕೆ ಇದಕ್ಕಿಂತ ಸುಲಭದ ರೋಗವೂ ಇಲ್ಲ. ಸ್ಪೀಕರಿನಲ್ಲಿ ಬೆಲೆ ಬಾಳುವುದು ಅಯಸ್ಕಾಂತ, ಅದರ ಸಂದಿನಲ್ಲಿ ಓಡಾಡುವ ತಂತಿಸುರುಳಿ (ವಾಯ್ಸ್ ಕಾಯಿಲ್), ಅಲುಗಿ ಸದ್ದು ಹೊರಡಿಸುವ ಕೋನ್, ಮರದ ಪೆಟ್ಟಿಗೆ. ಕಾಲ ಕಳೆದಂತೆ ಕೆಡುವುದು ಹೆಚ್ಚಾಗಿ ಫೋಮ್, ಕೆಪ್ಯಾಸಿಟರ್, ಅಂಟು. ಅವೆಲ್ಲ ಅಗ್ಗದ ಸಾಮಾನು.

ಬಜಾರಿಗೆ ಹೋಗುವಾಗ ನನ್ನ ಚೀಲದಲ್ಲಿ ಒಂದು ಪೆನ್ಸಿಲ್ ಸೆಲ್ಲು, ಮಲ್ಟಿಮೀಟರ್, ಬ್ಯಾಟರಿಯಲ್ಲಿ ಓಡುವ ಪುಟ್ಟ ಆಂಪ್ಲಿಫೈಯರ್ ಬೋರ್ಡ್ ಇರುತ್ತೆ. 1.5 ವೋಲ್ಟಿನ ಸೆಲ್ಲಿನಿಂದ ಒಂದೊಂದು ವೈರು ತಗುಲಿಸಿದರೆ ವೂಫರ್ 'ಟಪ್' ಅಂತ ಅಲುಗಬೇಕು. ಮೀಟರಿನಲ್ಲಿ 8 ಓಮಿನ ಸ್ಪೀಕರ್ ಸುಮಾರು 6ರಿಂದ 7 ತೋರಿಸುತ್ತೆ. 8 ಬರಲಿಲ್ಲ ಅಂತ ಗಾಬರಿಯಾಗಬೇಕಿಲ್ಲ, ಅದು ಬರಿಯ ತಂತಿಯ ರೆಸಿಸ್ಟೆನ್ಸ್. ಆದರೆ ಹೊರಗಿನಿಂದ ಮೀಟರ್ ಹಿಡಿದರೆ ತಿಳಿಯೋದು ವೂಫರ್ ಸಮಾಚಾರ ಮಾತ್ರ. ಟ್ವೀಟರಿನ ದಾರಿಗೆ ಕೆಪ್ಯಾಸಿಟರ್ ಅಡ್ಡ ಇರುತ್ತಲ್ಲ, ಅದು ಮೀಟರಿನ ಡಿ.ಸಿ. ಕರೆಂಟನ್ನು ಬಿಡಲ್ಲ. ಅದಕ್ಕೇ ಆ ಬೋರ್ಡು. ಫೋನಿನಿಂದ ಏನಾದರೂ ಹಾಡು ಹಾಕಿ, ಸೌಂಡ್ ತೀರಾ ಕಡಿಮೆ ಇಟ್ಟು, ಟ್ವೀಟರಿಗೆ ಕಿವಿ ಕೊಟ್ಟೆ. ತಾಳದ ಸದ್ದು ಎರಡರಲ್ಲೂ ಬಂತು. ಆಮೇಲೆ ವೂಫರಿನ ಕೋನನ್ನು ಎರಡೂ ಕಡೆ ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಒಳಗೆ ಕರಕರ ಅಂದರೆ ಕಾಯಿಲ್ ಉಜ್ಜುತ್ತಿದೆ ಅಂತ ಅರ್ಥ, ಅಂಥದ್ದನ್ನು ಅಲ್ಲೇ ಬಿಟ್ಟು ಬರೋದು ಒಳ್ಳೇದು. ಇಲ್ಲಿ ಸದ್ದಿಲ್ಲ.

'ಇದೇನ್ರೀ, ಉದುರ್ತಾ ಇದೆಯಲ್ಲ' ಅಂದೆ. 'ಅದು ಧೂಳು ಸಾರ್, ಒರೆಸಿದ್ರೆ ಹೋಗುತ್ತೆ.' ನಾಲ್ಕು ಸಾವಿರ ಅಂತ ಶುರುವಾಗಿದ್ದು ಎರಡೂವರೆಗೆ ಇಳಿಯಿತು. ಆಟೋಗೆ ಬೇರೆ.

ಈಗ ಆ ಫೋಮ್. ಅದು ಪಾಲಿಯುರೆಥೇನ್. ಗಾಳಿಯಲ್ಲಿರುವ ತೇವ ಅದನ್ನು ವರ್ಷಗಟ್ಟಲೆ ತಿನ್ನುತ್ತಾ ಹೋಗುತ್ತೆ, ಬಿಸಿಲು ಬಿದ್ದರೆ ಇನ್ನೂ ಬೇಗ. ಹಾಡಿಸಿದರೂ ಅಷ್ಟೇ, ಅಟ್ಟದ ಮೇಲೆ ಸುಮ್ನೆ ಇಟ್ಟಿದ್ದರೂ ಅಷ್ಟೇ. ಹದಿನೈದು ಇಪ್ಪತ್ತು ವರ್ಷ ದಾಟಿದ ಫೋಮ್ ಅಂಚನ್ನು ನಂಬೋ ಹಾಗಿಲ್ಲ. ರಬ್ಬರ್ ಅಥವಾ ಬಟ್ಟೆಯ ಅಂಚಾದರೆ ಜಾಸ್ತಿ ಬಾಳುತ್ತೆ.

ಹೊಸ ಫೋಮ್ ಉಂಗುರ ಆನ್‌ಲೈನಿನಲ್ಲಿ ಸಿಗುತ್ತೆ. '8 ಇಂಚು' ಅಂತ ಕೇಳಿ ತರಿಸಬೇಡಿ, 8 ಇಂಚಿನಲ್ಲೇ ಹತ್ತಾರು ಬಗೆ ಇವೆ. ಕೋನಿನ ಅಂಚಿನಿಂದ ಅಂಚಿಗೆ ಎಷ್ಟು, ಉಬ್ಬು ಎಷ್ಟು ಅಗಲ, ಕಬ್ಬಿಣದ ಚೌಕಟ್ಟಿನ ಮೇಲೆ ಕೂರುವ ಪಟ್ಟಿಯ ಒಳ ಅಳತೆ ಎಷ್ಟು, ಹೊರ ಅಳತೆ ಎಷ್ಟು, ಇಷ್ಟನ್ನೂ ಮಿಲಿಮೀಟರಿನಲ್ಲಿ ಬರೆದಿಟ್ಟುಕೊಂಡು ಹುಡುಕಬೇಕು.

ಹಳೆಯದನ್ನು ಕೆರೆಯೋದೇ ದೊಡ್ಡ ಕೆಲಸ. ಕೋನಿನ ಅಂಚಿನಲ್ಲಿ ಉಳಿದಿದ್ದ ಫೋಮ್ ಹಲಸಿನ ಹಣ್ಣಿನ ಅಂಟಿನ ಹಾಗೆ ಬೆರಳಿಗೆ ಹತ್ತಿ ಬಿಡುತ್ತಲೇ ಇರಲಿಲ್ಲ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ, ಹಿಂಡಿ, ಒಂದೊಂದೇ ಇಂಚು ಒರೆಸಿ, ಮೊಂಡು ಚಾಕುವಿನಿಂದ ಮೆಲ್ಲಗೆ ಎಬ್ಬಿಸಿದೆ. ಕೋನ್ ಕಾಗದದ್ದು, ತೊಯ್ಯಬಾರದು. ಅಂಚಿನ ಮೇಲಿದ್ದ ರಟ್ಟಿನ ಉಂಗುರವನ್ನೂ ಹರಿಯದಂತೆ ಬಿಡಿಸಿ ತೆಗೆದಿಟ್ಟೆ. ಅದು ಅಂಗಡಿಯಲ್ಲಿ ಸಿಗಲ್ಲ. ಕೆಲಸ ಮುಗಿಯುವ ಹೊತ್ತಿಗೆ ಬಾಲ್ಕನಿಯಲ್ಲೆಲ್ಲ ಕರೀ ಪುಡಿ. 'ಇದನ್ನ ಒಳಗೆ ತರಬೇಡಿ ಮಾತ್ರ' ಅಂತ ಮನೆಯವರ ಆಜ್ಞೆ ಆಯ್ತು.

ಅಂಟಿಗೆ ನಾನು ಬಳಸಿದ್ದು ಮಾಮೂಲಿ ಬಿಳಿ ಫೆವಿಕಾಲ್. ಕಾಗದದ ಕೋನಿಗೆ ಅದು ಸಾಕು. ನಿಧಾನವಾಗಿ ಒಣಗೋದರಿಂದ ಉಂಗುರ ಅತ್ತಿತ್ತ ಸರಿಸೋಕೆ ಪುರಸೊತ್ತು ಸಿಗುತ್ತೆ. ಫೆವಿಕ್ವಿಕ್ ಆ ಪುರಸೊತ್ತು ಕೊಡಲ್ಲ. ಪ್ಲಾಸ್ಟಿಕ್ ಕೋನಾದರೆ ಬಿಳಿ ಅಂಟು ಸರಿಯಾಗಿ ಹಿಡಿಯಲ್ಲ, ಅದಕ್ಕೇ ಅಂತ ಇರೋ ಅಂಟು ಬೇಕು. ಮೊದಲು ಒಳ ಅಂಚನ್ನು ಕೋನಿಗೆ ಅಂಟಿಸಿ ರಾತ್ರಿಯಿಡೀ ಬಿಟ್ಟೆ. ಹೊರ ಅಂಚು ಮಾರನೇ ದಿನ. ಗಮನ ಬೇಕಿರೋದು ಈ ಎರಡನೇ ಹಂತಕ್ಕೆ. ವಾಯ್ಸ್ ಕಾಯಿಲ್ ಓಡಾಡುವ ಸಂದು ಒಂದು ಮಿಲಿಮೀಟರ್ ಕೂಡ ಇರಲ್ಲ. ಕೋನ್ ಚೂರು ಪಕ್ಕಕ್ಕೆ ಕೂತರೂ ಉಜ್ಜುತ್ತೆ. ನಡುವಿನ ಟೊಪ್ಪಿಗೆ ಕತ್ತರಿಸಿ, ಕಾಯಿಲ್ ಸುತ್ತ ಹಳೇ ಫಿಲಂ ನೆಗೆಟಿವ್ ಚೂರುಗಳನ್ನು ಸಿಕ್ಕಿಸಿ, ಆಮೇಲೆ ಅಂಟಿಸುವವರಿದ್ದಾರೆ. ಕೋನಿನ ಬುಡವನ್ನು ಹಿಂದಿನಿಂದ ಹಿಡಿದಿರುವ ಸುಕ್ಕುಬಟ್ಟೆ (ಸ್ಪೈಡರ್) ಜೋತುಬಿದ್ದಿದ್ದರೆ ಹಾಗೆ ಮಾಡಲೇಬೇಕು. ನನ್ನದರಲ್ಲಿ ಸ್ಪೈಡರ್ ಬಿಗಿಯಾಗಿತ್ತು, ಟೊಪ್ಪಿಗೆ ಕತ್ತರಿಸೋ ಮನಸ್ಸಾಗಲಿಲ್ಲ. ಅಂಟು ಹಸಿ ಇರುವಾಗಲೇ 30 ಹರ್ಟ್ಸಿನ ತೀರಾ ತಗ್ಗಿನ ಸ್ವರವನ್ನು ಸಣ್ಣಗೆ ಹಾಕಿದೆ. ಕೋನ್ ಉಸಿರಾಡೋಕೆ ಶುರುಮಾಡಿತು. ಉಜ್ಜುವ ಸದ್ದು ಪೂರ್ತಿ ನಿಲ್ಲುವ ತನಕ ಅಂಚನ್ನು ಬೆರಳಲ್ಲಿ ಸರಿಸುತ್ತಾ ಬಂದು, ನಿಂತ ಜಾಗದಲ್ಲಿ ಸುತ್ತಲೂ ಬಟ್ಟೆ ಒಣಹಾಕುವ ಕ್ಲಿಪ್ ಹಾಕಿದೆ.

ಕೆಪ್ಯಾಸಿಟರ್ ವಿಷಯಕ್ಕೆ ಬರೋಣ. ವೂಫರ್ ತೆಗೆದ ತೂತಿನಿಂದಲೇ ಕೈ ಹಾಕಬೇಕು. ಒಳಗೆ ಗಾಜಿನ ಉಣ್ಣೆ, ಗ್ಲೌಸು ಮಾಸ್ಕು ಇಲ್ಲದೆ ಮುಟ್ಟಬೇಡಿ. ಉಣ್ಣೆಯನ್ನು ಎಸೆಯಲೂ ಬೇಡಿ, ಎಷ್ಟಿತ್ತೋ ಅಷ್ಟೇ ವಾಪಸ್ ಹೋಗಬೇಕು. ಟ್ವೀಟರಿನ ದಾರಿಯಲ್ಲಿ 6.8 ಎಂ.ಎಫ್.ಡಿ. (ಮೈಕ್ರೋಫ್ಯಾರಡ್) ಅಂತ ಬರೆದಿದ್ದ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಇತ್ತು. ಬಿಚ್ಚಿ ಅಳೆದರೆ ಒಂದು 8.9, ಇನ್ನೊಂದು 9.6. ಈ ಅಂಕಿ ಏರಿದಷ್ಟೂ ಟ್ವೀಟರಿಗೆ ತಾನು ಹೊರಬಾರದ ಕೆಳಗಿನ ಸ್ವರಗಳು ನುಗ್ಗುತ್ತವೆ. ಎಡ ಬಲ ಬೇರೆ ಬೇರೆ ಆದರೆ ಹಾಡುವವರ ದನಿ ನಡುವೆ ನಿಲ್ಲಲ್ಲ.

ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಒಬ್ಬ ಹಿರಿಯರು, 'ಫ್ಯಾನ್ ಕೆಪ್ಯಾಸಿಟರ್ ಹಾಕ್ಕೊಳ್ಳಿ, ನಿಮ್ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ' ಅಂದರು. ಪಕ್ಕದಲ್ಲಿದ್ದ ಹುಡುಗ ನಕ್ಕ. ಆದರೆ ಮಾತು ಸರಿ. ಸೀಲಿಂಗ್ ಫ್ಯಾನಿನ ಕೆಪ್ಯಾಸಿಟರ್ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಫಿಲಂನದ್ದು, 440 ವೋಲ್ಟ್ ಎ.ಸಿ. ತಾಳುತ್ತೆ. ಇದಕ್ಕೆ ಪ್ಲಸ್ ಮೈನಸ್ ಕಾಟವೂ ಇಲ್ಲ. 4 ಮತ್ತು 2.5 ಎಂ.ಎಫ್.ಡಿ. ಎರಡನ್ನು ಪ್ಯಾರಲಲ್ ಸೇರಿಸಿದರೆ 6.5. ಬೇಕಿದ್ದದ್ದು 6.8, ವ್ಯತ್ಯಾಸ ನೂರಕ್ಕೆ ಐದೂ ಇಲ್ಲ. ಇಂಥದ್ದಕ್ಕೇ ಸಾವಿರಾರು ರೂಪಾಯಿಯ ಆಮದು ಮಾಲೂ ಇದೆ. ಎರಡೂವರೆ ಸಾವಿರದ ಸ್ಪೀಕರಿಗೆ ಅದು ಅತಿಯಾಯ್ತು ಅಂತ ನನ್ನ ಅಭಿಪ್ರಾಯ. ಫ್ಯಾನ್ ಕೆಪ್ಯಾಸಿಟರಿನ ಗಾತ್ರ ದೊಡ್ಡದು, ಹಾಗಾಗಿ ಪ್ಲಾಸ್ಟಿಕ್ ಟ್ಯಾಗ್ ಕಟ್ಟಿ ಪೆಟ್ಟಿಗೆಯ ಗೋಡೆಗೆ ಭದ್ರ ಮಾಡಿದೆ. ಫಿಲಂ ಕೆಪ್ಯಾಸಿಟರ್ ಹಾಕಿದ ಮೇಲೆ ಟ್ವೀಟರ್ ಸ್ವಲ್ಪ ಚುರುಕಾಯ್ತು ಅನ್ನಿಸಿತು, ಅರ್ಧ ಓಮಿನ ರೆಸಿಸ್ಟರ್ ಸೀರೀಸಲ್ಲಿ ಕೊಟ್ಟೆ, ಹದಕ್ಕೆ ಬಂತು. ಕೆಪ್ಯಾಸಿಟರ್ ಜೊತೆಗಿದ್ದ ತಂತಿಸುರುಳಿಗಳನ್ನು ಮುಟ್ಟಲಿಲ್ಲ. ಬರಿಯ ತಾಮ್ರ, ಅದಕ್ಕೆ ವಯಸ್ಸಾಗಲ್ಲ.

ಪೆಟ್ಟಿಗೆ ಪೂರ್ತಿ ಮುಚ್ಚಿದ ಜಾತಿಯದು, ಗಾಳಿಗೆ ಎಲ್ಲೂ ತೂತಿಲ್ಲ. ಎಡ್ಗರ್ ವಿಲ್ಚರ್ 1954ರಲ್ಲಿ ಹೆನ್ರಿ ಕ್ಲಾಸ್ ಜೊತೆ ಅಕೌಸ್ಟಿಕ್ ರಿಸರ್ಚ್ ಕಂಪನಿ ಶುರುಮಾಡಿ ಮಾರುಕಟ್ಟೆಗೆ ತಂದ ಉಪಾಯ ಇದು. ಒಳಗೆ ಸಿಕ್ಕಿಬಿದ್ದ ಗಾಳಿಯೇ ಕೋನಿಗೆ ಸ್ಪ್ರಿಂಗ್. ಹಾಗಾಗಿ ಎಲ್ಲಿ ಗಾಳಿ ಸೋರಿದರೂ ಬಾಸ್ ಹೋಯ್ತು ಅಂತಲೇ ಲೆಕ್ಕ. ವೂಫರ್ ಕೆಳಗೆ ಫೋಮ್ ಟೇಪ್ ಸುತ್ತಿ, ಹಿಂದಿನ ಟರ್ಮಿನಲ್ ಸುತ್ತ ಮೇಣದಂಥ ಪುಟ್ಟಿ ಒತ್ತಿದೆ. ಕೋನನ್ನು ಒತ್ತಿ ಬಿಟ್ಟಾಗ ತಟ್ಟನೆ ಹಾರದೆ ನಿಧಾನವಾಗಿ ವಾಪಸ್ ಬರಬೇಕು. ವೂಫರುಗಳನ್ನು ಮೊದಲಿದ್ದದ್ದಕ್ಕೆ ತಲೆಕೆಳಗಾಗಿ ಕೂರಿಸಿದೆ. ಇಷ್ಟು ವರ್ಷ ಒಂದೇ ಕಡೆ ಜಗ್ಗಿದ ಸ್ಪೈಡರಿಗೆ ಇನ್ನು ಉಲ್ಟಾ ಕಡೆಯಿಂದ ಭಾರ.

ವೈರು ಕೂಡಿಸುವ ಮೊದಲು ಮತ್ತೆ ಸೆಲ್ಲು. ಪ್ಲಸ್ಸಿಗೆ ಪ್ಲಸ್ ತಗುಲಿಸಿದರೆ ಕೋನ್ ಮುಂದಕ್ಕೆ ಬರಬೇಕು. ಜೆ.ಬಿ.ಎಲ್. ಕಂಪನಿಯ ಹಳೇ ಸ್ಪೀಕರುಗಳಲ್ಲಿ ಹಿಂದಕ್ಕೆ ಹೋಗುತ್ತೆ, ಅವರ ಪದ್ಧತಿಯೇ ಹಾಗಿತ್ತು, ಅದು ಕೆಟ್ಟಿದ್ದಲ್ಲ. ಮುಖ್ಯ ಏನಂದರೆ ಎರಡೂ ಪೆಟ್ಟಿಗೆ ಒಂದೇ ಥರ ಇರಬೇಕು. ಒಂದು ಉಲ್ಟಾ ಆದರೂ ಬಾಸ್ ಮಾಯ.

ಹೊರಗಿನ ಕೆಲಸ ಜಾಸ್ತಿ ಇರಲಿಲ್ಲ. ಪೆಟ್ಟಿಗೆಯ ಮೇಲಿನ ಮರದ ಪದರ (ವೆನೀರ್) ತೀರಾ ತೆಳು, ಮಷಿನ್ ಹಾಕಿ ಉಜ್ಜಿದರೆ ಅಡಿಯ ಹಲಗೆ ಕಾಣುತ್ತೆ. ಕೈಯಲ್ಲೇ ಸಣ್ಣ ಉಜ್ಜುಕಾಗದ, ಮೇಲೆ ಅಗಸೆ ಎಣ್ಣೆ. ನೀರು ಕುಡಿದು ಊದಿದ್ದ ಒಂದು ಕೆಳಮೂಲೆಗೆ ಅಂಟು ತುಂಬಿ ಕ್ಲಾಂಪ್ ಬಿಗಿದೆ, ಊತ ಮುಕ್ಕಾಲು ಇಳಿಯಿತು. ಮುಂದಿನ ಬಟ್ಟೆಗೆ ಚಿಕ್ಕಪೇಟೆ. ಅಂಗಡಿಯಲ್ಲಿ ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡುತ್ತಿದ್ದ ನನ್ನನ್ನು ನೋಡಿ ಸೀರೆ ಕೊಳ್ಳಲು ಬಂದವರು ದೂರ ಸರಿದರು. ಉಸಿರು ತಡೆಯಿಲ್ಲದೆ ಆಚೆ ಹೋಗುವ ಬಟ್ಟೆ ಬೇಕು, ಅದಕ್ಕೆ ಬೇರೆ ಪರೀಕ್ಷೆ ಇಲ್ಲ.

ಬಜಾರಿನ ದುಡ್ಡೂ ಸೇರಿ ಐದು ಸಾವಿರದೊಳಗೆ ಮುಗಿಯಿತು. ಗೋಡೆಯಿಂದ ಒಂದಡಿ ಮುಂದಕ್ಕೆ, ಕೂತವರ ಕಿವಿಯ ಎತ್ತರಕ್ಕೆ ಟ್ವೀಟರ್ ಬರುವಂತೆ ಕಬ್ಬಿಣದ ಸ್ಟ್ಯಾಂಡ್ ಮೇಲೆ ಇಟ್ಟಿದ್ದೇನೆ. ಮೃದಂಗದ ಎಡಗಡೆಯ ಗುಮುಕಿ ಬಂದಾಗ ಸ್ವರ ಬಾಗುವುದು ಕೇಳುತ್ತೆ, ಬರೀ ಗುಮ್ ಅಂತ ಮುಗಿಯಲ್ಲ. ಎಡಗಡೆಯ ಟ್ವೀಟರ್ ಬಲಗಡೆಯದಕ್ಕಿಂತ ಚೂರು ಮೆತ್ತಗಿದೆ. ತಂಬೂರಿ ಮಾತ್ರ ಹಾಕಿದರೆ ಗೊತ್ತಾಗುತ್ತೆ. ಬಿಚ್ಚಿ ನೋಡೋಣ ಅಂತ ಕೈ ತುರಿಸುತ್ತೆ, ಆದರೆ ಟ್ವೀಟರಿನ ಒಳಗಿನ ಕೂದಲೆಳೆಯಂಥ ತಂತಿ ಹರಿದರೆ ಸೇರಿಸೋಕೆ ನನಗೆ ಬರಲ್ಲ. ಇದೇ ಜಾತಿಯ ಸುಟ್ಟ ವೂಫರಿನ ಪೆಟ್ಟಿಗೆ ಯಾವತ್ತಾದರೂ ಬಜಾರಿಗೆ ಬಂದರೆ, ಅದರ ಟ್ವೀಟರ್ ಕಿತ್ತು ಹಾಕಿದರಾಯ್ತು.