ಮಲೆನಾಡಿನ ಕತ್ತಲೆ ಮನೆ, ಬೇಲೂರಿನ ನವರಂಗ ಮತ್ತು ನನ್ನ ಫಿಫ್ಟಿ ಎಂಎಂ ಲೆನ್ಸ್

ಫಿಫ್ಟಿ ಎಂಎಂ ಎಫ್ 1.8 ಲೆನ್ಸ್ ಬಗ್ಗೆ ಯಾರನ್ನೇ ಕೇಳಿದ್ರೂ ಮೊದಲು ಬರೋ ಮಾತು ಬ್ಯಾಕ್‌ಗ್ರೌಂಡ್ ಸೂಪರಾಗಿ ಬ್ಲರ್ ಆಗುತ್ತೆ ಅನ್ನೋದು. ಆಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ನಾನು ಮೂಡಿಗೆರೆ ಕಡೆಯವನು, ನಮ್ಮ ಕಡೆ ಈ ಲೆನ್ಸ್ ಬೇಕಾಗೋದು ಬೆಳಕಿಗೆ. ಜೂನ್ ಹಿಡಿದ್ರೆ ಸೆಪ್ಟೆಂಬರ್ ತನಕ ಮಟಮಟ ಮಧ್ಯಾಹ್ನವೂ ಮನೆ ಒಳಗೆ ಲೈಟ್ ಹಾಕ್ಬೇಕು, ಅದೂ ಕರೆಂಟ್ ಇದ್ರೆ. ಹೆಂಚಿನ ಮನೆ, ಸಣ್ಣ ಸಣ್ಣ ಕಿಟಕಿ, ಮಾಡಿನಲ್ಲಿ ಅಲ್ಲೊಂದು ಇಲ್ಲೊಂದು ಗಾಜಿನ ಹೆಂಚು, ಹೊರಗೆ ನೋಡಿದ್ರೆ ಸಿಲ್ವರ್ ಓಕ್ ಮತ್ತೆ ಮಂಜು, ಇಂಥಾ ಜಾಗದಲ್ಲಿ ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ ಹಾಕ್ಕೊಂಡು ಅಡುಗೆಮನೆ ಫೋಟೋ ತೆಗೆಯೋಕೆ ಹೋದ್ರೆ ಕೈ ಕಟ್ಟಿ ಹಾಕಿದಂಗೆ ಆಗುತ್ತೆ.

ಲೆಕ್ಕ ಹೇಳ್ತೀನಿ ಕೇಳಿ. 18-55 ಕಿಟ್ ಲೆನ್ಸನ್ನ 55ಕ್ಕೆ ಝೂಮ್ ಮಾಡಿದ್ರೆ ಅದರ ಅಪರ್ಚರ್, ಅಂದ್ರೆ ಬೆಳಕು ಒಳಗೆ ಬರೋ ತೂತು, ಎಫ್ 5.6ಕ್ಕಿಂತ ಜಾಸ್ತಿ ತೆರೆಯಲ್ಲ (ಎಫ್ ನಂಬರ್ ಸಣ್ಣದಾದಷ್ಟೂ ತೂತು ದೊಡ್ಡದು). ಎಫ್ 1.8 ಅಂದ್ರೆ ಅದಕ್ಕಿಂತ ಹೆಚ್ಚುಕಮ್ಮಿ 10 ಪಟ್ಟು ಬೆಳಕು ಒಳಗೆ ಬಿಡುತ್ತೆ. ಅಂದ್ರೆ ಕಿಟ್ ಲೆನ್ಸಲ್ಲಿ ಐಎಸ್‌ಓ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200 ಇಟ್ಟು ಶಟರ್ 1/15 ಸೆಕೆಂಡು ತೆರೆದಿರಬೇಕಾದ ಜಾಗದಲ್ಲಿ ಇದು 1/150 ಹತ್ರ ಕೊಡುತ್ತೆ. ಕಿಟ್ ಲೆನ್ಸಲ್ಲಿ ಸ್ಟೆಬಿಲೈಸೇಶನ್ ಇದೆಯಲ್ಲ ಅಂತ ಕೆಲವರು ಕೇಳ್ತಾರೆ, ಇದೆ, ಅದು ನಮ್ಮ ಕೈ ನಡುಗೋದನ್ನ ತಡೆಯುತ್ತೆ, ಆದ್ರೆ ಅಕ್ಕಿರೊಟ್ಟಿ ತಟ್ಟೋರ ಕೈ ಓಡಾಡೋದನ್ನ ಅದು ಹೆಂಗೆ ನಿಲ್ಸುತ್ತೆ? ಅದಕ್ಕೆ ಶಟರ್ ಸ್ಪೀಡೇ ಬೇಕು.

ಫ್ಲಾಶ್ ಹಾಕ್ಬಹುದಲ್ವಾ ಅಂದ್ರೆ, ಹಾಕ್ಬಹುದು, ಆದ್ರೆ ಆ ಮನೆ ಆ ಮನೆ ಥರ ಕಾಣಲ್ಲ. ಹೊಗೆ ಹಿಡಿದ ಕಪ್ಪು ಗೋಡೆ, ಒಲೆ ಕೆಂಡದ ಬೆಳಕು, ಮೇಲಿಂದ ಗಾಜಿನ ಹೆಂಚಲ್ಲಿ ಇಳಿಯೋ ಬಿಳಿ ಬೆಳಕು, ಎಲ್ಲಾ ಒಂದೇ ಏಟಿಗೆ ಚಪ್ಪಟೆ ಆಗೋಗುತ್ತೆ. ಜೊತೆಗೆ ಮನೆಯವರಿಗೂ ಕಿರಿಕಿರಿ. ನಮ್ಮ ದೊಡ್ಡಮ್ಮ ಅಂತೂ ಕಡುಬಿನ ಪಾತ್ರೆ ಮುಂದೆ ಕೂತ್ಕೊಂಡೇ ಹೇಳಿದ್ರು, "ತೆಗಿ ಮಗ, ಎಷ್ಟು ಬೇಕಾದ್ರೂ ತೆಗಿ, ಆ ಮಿಂಚು ಮಾತ್ರ ಬೇಡ ಕಣಪ್ಪ, ಕಣ್ಣು ಕತ್ತಲೆ ಬರುತ್ತೆ" ಅಂತ. ಫಿಫ್ಟಿ ಹಾಕಿದ ಮೇಲೆ ಅವರಿಗೆ ನಾನು ಅಲ್ಲಿರೋದೇ ಮರೆತು ಹೋಯ್ತು, ಅಕ್ಕಪಕ್ಕದವರ ಜೊತೆ ಮಾತಾಡ್ತಾ ಕಡುಬು ಕಟ್ತಾ ಇದ್ರು, ನಾನು ಹೊಸಿಲಿಂದ ಆಚೆ ನಿಂತು ತೆಗೀತಾ ಇದ್ದೆ.

ನನ್ನ ಕ್ಯಾಮೆರಾ ಕ್ಯಾನನ್ 700ಡಿ, ಹಳೇದೇ. ಲೆನ್ಸು ಕ್ಯಾನನ್ನಿನ ಇಎಫ್ 50 ಎಂಎಂ ಎಫ್ 1.8 ಎಸ್‌ಟಿಎಂ, 2015ರಲ್ಲಿ ಬಂದಿದ್ದು, ತೂಕ 160 ಗ್ರಾಂ ಅಷ್ಟೇ. ಈ ಬಾಡಿಯಲ್ಲಿ ಸೆನ್ಸರ್ ಸಣ್ಣದು, 1.6 ಕ್ರಾಪ್, ಹಾಗಾಗಿ ಫಿಫ್ಟಿ ಹಾಕಿದ್ರೆ ಫುಲ್ ಫ್ರೇಮಲ್ಲಿ, ಅಂದ್ರೆ ಹಳೇ ಫಿಲ್ಮ್ ಅಳತೆಯ ದೊಡ್ಡ ಸೆನ್ಸರಲ್ಲಿ, 80 ಎಂಎಂ ಹಾಕಿದಷ್ಟೇ ಜಾಗ ಕಾಣೋದು. ಸಣ್ಣ ರೂಮಲ್ಲಿ ಇದು ಕಷ್ಟ, ಗೋಡೆಗೆ ಬೆನ್ನು ತಾಗೋ ತನಕ ಹಿಂದೆ ಹೋದ್ರೂ ಇಬ್ಬರಿಗಿಂತ ಜಾಸ್ತಿ ಜನ ಹಿಡಿಯಲ್ಲ. ತೊಟ್ಟಿ ಮನೆ ಆದ್ರೆ ಬೇರೆ ಮಾತು, ತೊಟ್ಟಿ ಈಚೆ ಜಗಲಿ ಕಂಬದ ಪಕ್ಕ ನಿಂತ್ರೆ ಆಚೆ ಕಡೆಯವರ ಮುಖ ಎಷ್ಟು ಚೆನ್ನಾಗಿ ಬರುತ್ತೆ ಅಂದ್ರೆ, ಮಧ್ಯದಲ್ಲಿ ಆಕಾಶದಿಂದ ನೇರ ಇಳಿಯೋ ಬೆಳಕು, ಮಳೆ ಇದ್ರಂತೂ ಇನ್ನೂ ಮೆತ್ತಗಿರುತ್ತೆ.

ಇಷ್ಟು ಕಮ್ಮಿ ರೇಟಿಗೆ ಇಷ್ಟು ಬೆಳಕಿನ ಲೆನ್ಸ್ ಹೆಂಗೆ ಕೊಡ್ತಾರೆ ಅಂತ ನಂಗೂ ಕುತೂಹಲ ಇತ್ತು, ಓದಿಕೊಂಡೆ. ಇದರ ಒಳಗಿನ ಗಾಜಿನ ಜೋಡಣೆ ಡಬಲ್ ಗಾಸ್ ಅನ್ನೋ ಹಳೇ ಡಿಸೈನು, ಜರ್ಮನಿಯ ಝೈಸ್ ಕಂಪನಿಯಲ್ಲಿ ಪೌಲ್ ರುಡಾಲ್ಫ್ ಅನ್ನೋರು 1896ರಲ್ಲಿ ಮಾಡಿದ ಪ್ಲಾನಾರ್ ಲೆನ್ಸಿನ ವಂಶದ್ದು. ನಡುವೆ ಅಪರ್ಚರ್, ಅದರ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಥರದ ಗಾಜುಗಳು, ಹಾಗಾಗಿ ಒಂದು ಕಡೆಯ ದೋಷವನ್ನ ಇನ್ನೊಂದು ಕಡೆ ಸರಿ ಮಾಡುತ್ತೆ. ಬರೀ 6 ಗಾಜಲ್ಲಿ ಕೆಲಸ ಮುಗಿಯುತ್ತೆ. ವೈಡ್ ಲೆನ್ಸ್ ಆದ್ರೆ ಎಸ್‌ಎಲ್‌ಆರ್ ಕನ್ನಡಿಗೆ ಜಾಗ ಬಿಡೋಕೆ ಇನ್ನೂ ಗಾಜು ಸೇರಿಸ್ಬೇಕು, 50ಕ್ಕೆ ಆ ತಾಪತ್ರಯ ಇಲ್ಲ.

ಈಗ ಫೋಕಸ್ ವಿಷಯ, ಹೊಸಬರು ಬೇಜಾರಾಗಿ ಲೆನ್ಸ್ ಮೂಲೆಗಿಡೋದು ಇಲ್ಲೇ. 1 ಮೀಟರ್ ದೂರದಲ್ಲಿ ಎಫ್ 1.8 ಇಟ್ರೆ ಶಾರ್ಪ್ ಆಗಿ ಬರೋ ಜಾಗ ಹಿಂದೆ ಮುಂದೆ ಸೇರಿ ಎರಡೂವರೆ ಸೆಂಟಿಮೀಟರ್ ಚಿಲ್ಲರೆ. ಒಂದು ಕಣ್ಣು ಶಾರ್ಪ್ ಇದ್ರೆ ಇನ್ನೊಂದು ಮೆತ್ತಗೆ. ಉಸಿರು ತಗೊಂಡ್ರೆ ನಮ್ಮ ಮೈ ಅಷ್ಟು ಅಲ್ಲಾಡುತ್ತೆ. ಫೋಕಸ್ ಹಿಡಿಯೋ ಪಾಯಿಂಟುಗಳನ್ನೆಲ್ಲಾ ಕ್ಯಾಮೆರಾ ಕೈಗೆ ಬಿಟ್ರೆ ಅದು ಮೂಗನ್ನೋ ಕಿವಿ ಓಲೆಯನ್ನೋ ಹಿಡ್ಕೊಳುತ್ತೆ. ನಾನು ಒಂದೇ ಪಾಯಿಂಟ್ ಇಟ್ಕೊಂಡು ಹತ್ತಿರದ ಕಣ್ಣಿನ ಮೇಲೆ ಬಿಡ್ತೀನಿ. ನಡು ಪಾಯಿಂಟಲ್ಲಿ ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ತಿರುಗಿಸಿ ಫ್ರೇಮ್ ಮಾಡೋ ಅಭ್ಯಾಸ ಎಫ್ 1.8ಗೆ ಒಳ್ಳೇದಲ್ಲ, ತಿರುಗಿಸೋ ಅಷ್ಟರಲ್ಲಿ ಫೋಕಸ್ ಕಣ್ಣು ಬಿಟ್ಟು ಕಿವಿ ಕಡೆ ಜಾರಿರುತ್ತೆ, ಅದ್ಕೆ ಪಕ್ಕದ ಪಾಯಿಂಟನ್ನೇ ಆರಿಸ್ಕೊಳ್ಳಿ. ಕತ್ತಲೆ ಜಾಸ್ತಿ ಇದ್ದು ಆಟೋಫೋಕಸ್ ಹಿಂದೆ ಮುಂದೆ ಹುಡುಕಾಡ್ತಾ ಇದ್ರೆ, ಮುಖದ ಬದಲು ಕಪ್ಪು ಬಿಳುಪು ಎದ್ದು ಕಾಣೋ ಗೆರೆ ಹುಡುಕಿ, ಸೀರೆ ಅಂಚು, ಕನ್ನಡಕದ ಫ್ರೇಮು, ಅದೇ ದೂರದಲ್ಲಿರಬೇಕು ಅಷ್ಟೇ.

ಜನರನ್ನ ತೆಗೆಯುವಾಗ ನಾನು ಪೂರ್ತಿ 1.8 ಇಡೋದು ಕಮ್ಮಿ, 2.2 ಇಲ್ಲಾ 2.5 ನನ್ನ ನಂಬರು. ಇಬ್ಬರಿದ್ರೆ 2.8, 3.5. ಸ್ವಲ್ಪ ಮುಚ್ಚಿದ್ರೆ ಶಾರ್ಪ್‌ನೆಸ್ಸೂ ಏರುತ್ತೆ, ಜರಿ ಸೀರೆ, ಒಡವೆ ಹೊಳೆಯೋ ಕಡೆ ಅಂಚಲ್ಲಿ ಬರೋ ನೇರಳೆ ಹಸಿರು ಗೆರೆಯೂ ಕಮ್ಮಿ ಆಗುತ್ತೆ. ಜಾಸ್ತಿ ಬೆಳಕಿನ ಲೆನ್ಸಲ್ಲಿ ಈ ಬಣ್ಣದ ಗೆರೆ ಸಾಮಾನ್ಯ, ಫೋಕಸ್‌ಗಿಂತ ಮುಂದಿರೋದಕ್ಕೆ ನೇರಳೆ, ಹಿಂದಿರೋದಕ್ಕೆ ಹಸಿರು. ಒಲೆ ಕೆಂಪು ಮತ್ತೆ ಮಾಡಿನ ನೀಲಿ ಬೆಳಕು ಒಟ್ಟಿಗೆ ಇದ್ರೆ ರಾ ಫೈಲಲ್ಲೇ (ಸೆನ್ಸರ್ ಕಂಡಿದ್ದನ್ನ ಜೆಪೆಗ್ ಮಾಡದೆ ಹಾಗೇ ಇಡೋ ಫೈಲು) ತೆಗೀರಿ, ಆಮೇಲೆ ಕೂತು ಬಣ್ಣ ಸರಿ ಮಾಡ್ಬಹುದು. ನಾನು ಆ ಕೆಂಪನ್ನ ಪೂರ್ತಿ ತೆಗೆಯಲ್ಲ, ಸ್ವಲ್ಪ ಉಳಿಸ್ತೀನಿ, ಒಲೆ ಬೆಳಕು ಕೆಂಪಗೇ ಇರಬೇಕು.

ಇನ್ನು ಬೇಲೂರು. ಚೆನ್ನಕೇಶವ ದೇವಸ್ಥಾನ, ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ್ದು, 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೂ ಸೇರ್ತು. ಹೊರಗಿನ ಮದನಿಕೆಯರನ್ನ ಯಾವ ಲೆನ್ಸಲ್ಲಾದ್ರೂ ತೆಗೀಬಹುದು, ಒಳಗೆ ನವರಂಗಕ್ಕೆ, ಅಂದ್ರೆ ಗರ್ಭಗುಡಿ ಮುಂದಿನ ಕಂಬಗಳ ಮಂಟಪಕ್ಕೆ, ಹೋದ್ರೆ ಬಾಗಿಲಿಂದ ಮತ್ತೆ ಜಾಲಂದ್ರದ ತೂತುಗಳಿಂದ ಬರೋ ಬೆಳಕೇ ಗತಿ. ಹೊರಗಿನ ಬಿಸಿಲಿಂದ ಒಳಗೆ ಬಂದ ತಕ್ಷಣ ಏನೂ ಕಾಣಲ್ಲ, ಸ್ವಲ್ಪ ಹೊತ್ತು ಸುಮ್ನೆ ನಿಂತ್ಕೊಳ್ಳಿ, ಆಮೇಲೆ ತಿರುಗಣೆ ಕಂಬಗಳ ಮೈ ಮೇಲೆ ಬಾಗಿಲ ಬೆಳಕು ಉಂಗುರ ಉಂಗುರವಾಗಿ ಹೊಳೆಯೋದು ಕಾಣುತ್ತೆ. ಆ ನುಣುಪು ಹೊಳಪನ್ನ ಹಿಡಿಯೋಕೆ ಈ ಲೆನ್ಸಿಗಿಂತ ಒಳ್ಳೇದು ನನ್ನ ಹತ್ರ ಇನ್ನೊಂದಿಲ್ಲ. ಟ್ರೈಪಾಡಿಗೆ ಪರ್ಮಿಷನ್ ಬೇಕು, ಫ್ಲಾಶ್ ಕೇಳಲೇಬೇಡಿ, ಗರ್ಭಗುಡಿ ಕಡೆ ಕ್ಯಾಮೆರಾ ಎತ್ತಬೇಡಿ, ದಿನಾ ಪೂಜೆ ನಡೆಯೋ ಗುಡಿ ಅದು. ಎಫ್ 2, ಶಟರ್ 1/80, ಐಎಸ್‌ಓ 1600ರಿಂದ 3200, ನಾನು ಇಲ್ಲಿಂದ ಶುರು ಮಾಡ್ತೀನಿ. ಈ ಲೆನ್ಸಲ್ಲಿ ಸ್ಟೆಬಿಲೈಸೇಶನ್ ಇಲ್ಲ, ಕ್ರಾಪ್ ಬಾಡಿಯಲ್ಲಿ 1/80ಕ್ಕಿಂತ ಕೆಳಗೆ ಹೋದ್ರೆ ಶೇಕ್ ಆಗೋ ಸಾಧ್ಯತೆ ಜಾಸ್ತಿ. ದಯವಿಟ್ಟು ಕಂಬಕ್ಕೆ ಒರಗಬೇಡಿ, ನೆಲದ ಮೇಲೆ ಕೂತು ಮೊಣಕೈಯನ್ನ ಮಂಡಿ ಮೇಲೆ ಇಟ್ರೆ ಸಾಕಷ್ಟು ಗಟ್ಟಿ ಆಗುತ್ತೆ. ಒಳಗಿನ ನಡು ಕಂಬಗಳ ಮೇಲೆ ಇರೋ ಮದನಿಕೆಯರಿಗೆ 80 ಎಂಎಂ ಅಳತೆ ಹೇಳಿ ಮಾಡಿಸಿದ ಹಾಗಿದೆ. ಮೇಲಿನ ಭುವನೇಶ್ವರಿಗೆ, ಅಂದ್ರೆ ಕೆತ್ತನೆ ಇರೋ ಛಾವಣಿಗೆ, ಮಾತ್ರ ಬೇರೆ ಉಪಾಯ, ಕರ್ಚೀಫ್ ಹಾಸಿ ಕ್ಯಾಮೆರಾನ ನೆಲದ ಮೇಲೆ ಮುಖ ಮೇಲೆ ಮಾಡಿ ಮಲಗಿಸಿ, 2 ಸೆಕೆಂಡ್ ಟೈಮರ್ ಹಾಕಿ, ಎಫ್ 5.6, ಐಎಸ್‌ಓ 200. ನಡುವಿನ ಭಾಗ ಅಷ್ಟೇ ಫ್ರೇಮಲ್ಲಿ ಬರೋದು, ಆದ್ರೆ ಕೆತ್ತನೆಯ ಒಂದೊಂದು ಎಸಳೂ ಎಣಿಸ್ಬಹುದು. ಜನ ಕಮ್ಮಿ ಇರೋ ಹೊತ್ತಲ್ಲಿ, ಬೇರೆಯವರಿಗೆ ಅಡ್ಡ ಆಗದ ಹಾಗೆ ಮಾಡಿ.

ಹಳೇಬೀಡಲ್ಲಿ ಇದೇ ಲೆನ್ಸನ್ನ ನಾನು ಹೊರಗೋಡೆಗೂ ಬಳಸ್ತೀನಿ. ಕಿಟ್ ಲೆನ್ಸನ್ನ 18ಕ್ಕೆ ಇಟ್ರೆ ಕೆಳಗಿನ ಆನೆ ಸಾಲು ಬಿಲ್ಲಿನ ಥರ ಬಾಗುತ್ತೆ, ಇದರಲ್ಲಿ ಎಫ್ 8 ಇಟ್ಟು ಗೋಡೆಗೆ ನೇರ ನಿಂತು ತೆಗೆದ್ರೆ ಸಾಲು ನೆಟ್ಟಗೇ ಇರುತ್ತೆ.

ಮದುವೆ ಮನೆ ಬಗ್ಗೆ ಒಂದು ಮಾತು. ಚಪ್ಪರದ ದಿನ ಅರಿಶಿನ ಹಚ್ಚೋ ಶಾಸ್ತ್ರ ಮನೆ ಒಳಗೆ ಟ್ಯೂಬ್‌ಲೈಟಲ್ಲೋ ಎಲ್‌ಇಡಿ ಬಲ್ಬಲ್ಲೋ ನಡೆಯುತ್ತೆ. ಬೆಳಕು ಸಾಕಷ್ಟಿದೆ ಅಂತ ಶಟರ್ 1/400 ಇಟ್ರೆ ಒಂದು ಫೋಟೋ ಬೆಳ್ಳಗೆ, ಮುಂದಿಂದು ಕಪ್ಪಗೆ, ಕೆಲವದರಲ್ಲಿ ಅಡ್ಡ ಪಟ್ಟೆ. ನಮ್ಮ ಕರೆಂಟು 50 ಹರ್ಟ್ಸ್, ಇಂಥ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತೆ, ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತೆ. ಶಟರ್ 1/100 ಇಟ್ಟುಬಿಡಿ, ಒಂದು ಮಿನುಗು ಪೂರ್ತಿ ಒಳಗೆ ಬರುತ್ತೆ, ಪಟ್ಟೆ ಹೋಗುತ್ತೆ. ಎಫ್ 1.8 ಇರೋದ್ರಿಂದ 1/100ಕ್ಕೂ ಐಎಸ್‌ಓ ಹದವಾಗಿ ಉಳಿಯುತ್ತೆ.

ಕಾಫಿ ಹೂವಿಗೂ ಇದನ್ನ ಪ್ರಯತ್ನ ಮಾಡಿ. ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟ ಪೂರ್ತಿ ಬಿಳಿ, ಅದು ನಿಲ್ಲೋದೂ ಎರಡು ಮೂರು ದಿನ ಅಷ್ಟೇ. ಈ ಲೆನ್ಸ್ 35 ಸೆಂಟಿಮೀಟರ್ ತನಕ ಹತ್ತಿರ ಫೋಕಸ್ ಆಗುತ್ತೆ, ಒಂದು ಗೊಂಚಲು ಫ್ರೇಮ್ ತುಂಬುತ್ತೆ. ಆದ್ರೆ ಅಷ್ಟು ಹತ್ತಿರದಲ್ಲಿ ಎಫ್ 1.8ಗೆ ಶಾರ್ಪ್ ಇರೋದು 2 ಮಿಲಿಮೀಟರ್ ಆಸುಪಾಸು, ಒಂದು ಎಸಳಿನ ತುದಿ ಬಿಟ್ಟು ಎಲ್ಲಾ ಹೋಯ್ತು. ಎಫ್ 5.6 ಇಡಿ, ಬೆಳಿಗ್ಗೆ ಗಾಳಿ ಏಳೋ ಮುಂಚೆ ಹೋಗಿ.

ತಗೊಳ್ಳೋರಿಗೆ: ನಿಮ್ಮದು ಕ್ರಾಪ್ ಬಾಡಿ ಆಗಿದ್ದು ಮನೆ ಒಳಗಿನ ಗುಂಪು ಫೋಟೋನೇ ಜಾಸ್ತಿ ತೆಗೆಯೋದಾದ್ರೆ 35 ಎಂಎಂ ಯೋಚನೆ ಮಾಡಿ, ನಿಕಾನ್‌ನವರಿಗೆ 35 ಎಂಎಂ ಎಫ್ 1.8 ಡಿಎಕ್ಸ್ (ಕ್ರಾಪ್ ಬಾಡಿಗೆ ಮಾಡಿದ್ದು) ಇದೆ. ನಿಕಾನ್ 3000, 5000 ಸೀರೀಸ್ ಡಿಎಸ್‌ಎಲ್‌ಆರ್ ಬಾಡಿಗಳಲ್ಲಿ ಫೋಕಸ್ ಮೋಟರ್ ಇರಲ್ಲ, ಅದಕ್ಕೆ 50 ಎಂಎಂ 1.8 ಡಿ ಹಾಕಿದ್ರೆ ಕೈಯಲ್ಲೇ ಫೋಕಸ್ ಮಾಡ್ಬೇಕು, ಮೋಟರ್ ಒಳಗೇ ಇರೋ, ಜಿ ಅಂತ ಇರೋ ಎಎಫ್-ಎಸ್ ಲೆನ್ಸ್ ನೋಡಿ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಆದ್ರೆ ಮೊಬೈಲ್ ಟಾರ್ಚನ್ನ ಹಿಂದಿನಿಂದ ಬಿಟ್ಟು ಗಾಜೊಳಗೆ ನೋಡಿ, ಜೇಡರ ಬಲೆ ಥರ ಎಳೆ ಕಂಡ್ರೆ ಅದು ಫಂಗಸ್, ರೇಟ್ ಎಷ್ಟೇ ಕಮ್ಮಿ ಹೇಳಿದ್ರೂ ಬೇಡ.

ಆ ಫಂಗಸ್ ನಮ್ಮ ಮಲೆನಾಡಿಗೆ ದೊಡ್ಡ ಶತ್ರು. ಮಳೆಗಾಲದಲ್ಲಿ ಬೀರುವಲ್ಲಿಟ್ಟ ಬೆಲ್ಟೇ ಬೂಷ್ಟು ಹಿಡಿಯುತ್ತೆ, ಲೆನ್ಸ್ ಬಿಡುತ್ತಾ? ಬಟ್ಟೆ ಬ್ಯಾಗಲ್ಲಿ, ಚರ್ಮದ ಕೇಸಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಡ್ರೈ ಕ್ಯಾಬಿನೆಟ್ ತಗೊಳ್ಳೋ ಶಕ್ತಿ ಇದ್ರೆ ತೇವ ನೂರಕ್ಕೆ 40ರಿಂದ 50ರ ಮಧ್ಯೆ ಇಡಿ. ಇಲ್ಲಾಂದ್ರೆ ರಬ್ಬರ್ ಅಂಚಿನ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ಒಂದು ಸಣ್ಣ ತೇವದ ಮೀಟರು, ನಾನು ಇದನ್ನೇ ಮಾಡ್ತಾ ಇರೋದು. ಜೆಲ್ ಬಣ್ಣ ತಿರುಗಿದ ಮೇಲೆ ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿ ಒಣಗಿಸಿದ್ರೆ ಮತ್ತೆ ಬಳಸ್ಬಹುದು, ಆ ಬಾಣಲೆ ಅಡುಗೆಗೆ ಬಳಸ್ಬೇಡಿ. ಮುಳ್ಳಯ್ಯನಗಿರಿ ಮಂಜಿಂದ ಬಂದು ಬೆಚ್ಚಗಿನ ಮನೆ ಒಳಗೆ ಹೋಗೋ ಮುಂಚೆ ಕ್ಯಾಮೆರಾನ ಜಿಪ್ ಕವರಲ್ಲಿ ಹಾಕಿ ಗಟ್ಟಿಯಾಗಿ ಮುಚ್ಚಿ, ಒಳಗಿನ ಬಿಸಿಗೆ ಹೊಂದ್ಕೊಂಡ ಮೇಲೆ ತೆಗೀರಿ, ಆಗ ನೀರಿನ ಹನಿ ಕವರಿನ ಮೇಲೆ ಕೂರುತ್ತೆ, ಗಾಜಿನ ಮೇಲೆ ಕೂರಲ್ಲ. ಮತ್ತೆ ಲೆನ್ಸನ್ನ ಡಬ್ಬದಲ್ಲೇ ಕೂಡಿಹಾಕಬೇಡಿ, ಮಳೆ ಬಿಟ್ಟು ಬಿಸಿಲು ಬಂದ ದಿನ ಹೊರಗೆ ತಗೊಂಡು ಹೋಗಿ, ಬಳಸ್ತಾ ಇರೋ ಲೆನ್ಸಿಗೆ ಫಂಗಸ್ ಹಿಡಿಯೋದು ಕಮ್ಮಿ.