ಕ್ಲಬ್‌ನಲ್ಲಿ ರಾಕ್ ಬ್ಯಾಂಡ್ ಫೋಟೊ ತೆಗೆಯುವವರಿಗೆ

ನಮ್ಮ ಚಿಕ್ಕಮಗಳೂರಿನ ಹುಡುಗರು ಕ್ಲಬ್ಬು, ಕೆಫೆಗಳಲ್ಲಿ ನುಡಿಸುವಾಗ ಫೋಟೊ ತೆಗೆಯುವವರು ದಯವಿಟ್ಟು ಫ್ಲ್ಯಾಶ್ ಆಫ್ ಮಾಡಿ. ಸ್ಟೇಜಿನ ಬಣ್ಣವೆಲ್ಲ ಹೋಗಿಬಿಡುತ್ತದೆ, ನುಡಿಸುವವರ ಕಣ್ಣಿಗೂ ಕಿರಿಕಿರಿ.

ದುಬಾರಿ ಲೆನ್ಸೇ ಬೇಕು ಅಂತಿಲ್ಲ. 50 ಎಂಎಂ ಎಫ್/1.8 ಲೆನ್ಸ್ ಧಾರಾಳ ಸಾಕು (ಎಫ್ ಅಂದರೆ ಲೆನ್ಸ್ ಎಷ್ಟು ತೆರೆದುಕೊಳ್ಳುತ್ತದೆ ಅನ್ನೋ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ). ಮ್ಯಾನುವಲ್ ಮೋಡ್‌ನಲ್ಲಿ ಎಫ್/2, ಶಟರ್ 1/250 ಸೆಕೆಂಡು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ರಿಂದ ಶುರು ಮಾಡಿ. ಗ್ರೇನ್ (ಮರಳಿನಂಥ ಚುಕ್ಕೆ) ಬಂದರೆ ಬರಲಿ, ಅಲುಗಾಡಿದ ಮುಖವನ್ನು ಆಮೇಲೆ ಸರಿ ಮಾಡೋಕಾಗಲ್ಲ.

ಕೆಂಪು ಲೈಟು ದೊಡ್ಡ ತಲೆನೋವು. ಮುಖದ ವಿವರ ಅಳಿಸಿ ಬರೀ ಕೆಂಪು ಉಳಿಯುತ್ತದೆ. ರಾ ಫೈಲ್‌ನಲ್ಲೇ (ಆಮೇಲೆ ಬಣ್ಣ, ಬೆಳಕು ತಿದ್ದಲು ಹೆಚ್ಚು ಮಾಹಿತಿ ಉಳಿಸುವ ಫೈಲ್) ತೆಗೆಯಿರಿ, ಎಕ್ಸ್‌ಪೋಶರ್ (ಫೋಟೊಗೆ ಬೀಳುವ ಬೆಳಕು) ಸ್ವಲ್ಪ ಇಳಿಸಿ. ಕಪ್ಪು-ಬಿಳುಪು ಮಾಡಿದರೆ ಎಷ್ಟೋ ಸಲ ಚೆನ್ನಾಗಿ ಬರುತ್ತದೆ. ಫೋಟೊದಲ್ಲಿ ಅಡ್ಡ ಪಟ್ಟೆ ಕಂಡರೆ ಅದು ಎಲ್‌ಇಡಿ ಮಿನುಗು. ಸೈಲೆಂಟ್ (ಸದ್ದಿಲ್ಲದ ಎಲೆಕ್ಟ್ರಾನಿಕ್) ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್‌ಗೆ ಬನ್ನಿ, ಶಟರ್ 1/100ಕ್ಕೆ ಇಳಿಸಿ ನೋಡಿ. ನಮ್ಮ ಕರೆಂಟು 50 ಹರ್ಟ್ಸ್ ಅಲ್ವಾ, ಬಹಳಷ್ಟು ಅಗ್ಗದ ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ.

ಎದುರಿಗೇ ನಿಂತರೆ ಮೈಕು ಹಾಡುವವರ ಬಾಯಿ ಮುಚ್ಚುತ್ತದೆ. ಸ್ವಲ್ಪ ಪಕ್ಕಕ್ಕೆ ಸರಿದು ಕಾಯಿರಿ. ಸಾಲು ಮುಗಿದು ಅವರು ಮೈಕಿನಿಂದ ಹಿಂದೆ ಸರಿಯುತ್ತಾರಲ್ಲ, ಕುತ್ತಿಗೆಯ ನರ ಇನ್ನೂ ಬಿಗಿದಿರುತ್ತದೆ, ಆಗ ಒತ್ತಿ.

ಮಳೆಗಾಲದ ಚಳಿಯಿಂದ ಜನ ತುಂಬಿದ ಹಾಲ್‌ಗೆ ಬಂದ ಕೂಡಲೇ ಕ್ಯಾಮೆರಾ ತೆಗೆಯಬೇಡಿ, ಲೆನ್ಸ್ ಮೇಲೆ ಮಂಜು ಕೂರುತ್ತದೆ. ಬ್ಯಾಗ್ ಮುಚ್ಚಿಯೇ ಅರ್ಧ ಗಂಟೆ ಒಳಗಿಡಿ.

ಡ್ರಮ್ಮರ್‌ನನ್ನು ಮರೆಯಬೇಡಿ. ಹಿಂದೆ ಕತ್ತಲಲ್ಲಿ ಕೂರುವ ಅವರಿಗೆ ಒಳ್ಳೆ ಫೋಟೊ ಸಿಗೋದೇ ಕಡಿಮೆ. ಒಂದಾದರೂ ತೆಗೆದು ಕಳಿಸಿಕೊಡಿ.